ನನ್ನ ಟ್ರ್ಯಾಕ್ಟರಿನ ಬೆನ್ನಿನ ಭಾರ

ಕ್ರಿಸ್ಮಸ್ ದಿನ ಬೆಳಿಗ್ಗೆ ಗಂಡನಾದವನು ಹೆಂಡತಿಯಿಂದ ಏನನ್ನು ನಿರೀಕ್ಷಿಸುತ್ತಾನೆ? ಒಂದು ಜೊತೆ ಉಣ್ಣೆಯ ಕಾಲುಚೀಲ. ಹೆಚ್ಚೆಂದರೆ ಒಂದು ಟೋಪಿ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ಇದಕ್ಕಿಂತ ಹೆಚ್ಚಿನ ಆಸೆ ಇಟ್ಟುಕೊಂಡವನಲ್ಲ. ಆದರೆ ಈ ಸಲ ನನ್ನ ಹೆಂಡತಿ ಐಲಿ ಒಂದು ತಗಡಿನ ಪೆಟ್ಟಿಗೆಯನ್ನು ಕಾಲಿನಿಂದ ನನ್ನತ್ತ ತಳ್ಳಿದಳು. ಕೈಯಲ್ಲಿ ಎತ್ತಿ ಕೊಡಲಿಲ್ಲ, ಏಕೆಂದರೆ ಎತ್ತಲು ಆಗುವಂತಿರಲಿಲ್ಲ. ಕೆಂಪು ರಿಬ್ಬನ್ನು ಬಿಚ್ಚಿ ನೋಡಿದರೆ ಒಳಗೆ ಹಿಮದಲ್ಲಿ ಜಾರದಂತೆ ಟ್ರ್ಯಾಕ್ಟರಿನ ಚಕ್ರಕ್ಕೆ ಸುತ್ತುವ ಕಬ್ಬಿಣದ ಸರಪಳಿ ಇತ್ತು.

“ಹೇಗಿದೆ?” ಅಂದಳು.

“ತುಂಬಾ ಚೆನ್ನಾಗಿದೆ,” ಅಂದೆ. ರಿಬ್ಬನ್ನನ್ನು ಇದ್ದ ಹಾಗೆಯೇ ಮತ್ತೆ ಕಟ್ಟಿ, ಪೆಟ್ಟಿಗೆಯನ್ನು ಗ್ಯಾರೇಜಿನ ಮೂಲೆಗೆ ಎಳೆದುಕೊಂಡು ಹೋಗಿ ಬಿಟ್ಟೆ.

ಇದು ನೋಡುವವರಿಗೆ ಉಡುಗೊರೆ, ನನಗೆ ಅವಮಾನ. ಮಿಶಿಗನ್ನಿನ ಈ ಉತ್ತರದ ತುದಿಯಲ್ಲಿ, ಸುಪೀರಿಯರ್ ಸರೋವರದ ಮಗ್ಗುಲಲ್ಲಿ, ಹಿಮ ನವೆಂಬರಿನಲ್ಲಿ ನೆಂಟರ ಹಾಗೆ ಬಂದು ಕೂತರೆ ಏಪ್ರಿಲಿನ ತನಕ ಏಳುವುದಿಲ್ಲ. ಇಲ್ಲಿ ಗಂಡಸಿನ ಯೋಗ್ಯತೆಯನ್ನು ಅವನ ಮಾತಿನಿಂದ ಅಳೆಯುವುದಿಲ್ಲ. ರಸ್ತೆಯಿಂದ ಅವನ ಮನೆಬಾಗಿಲಿನವರೆಗಿನ ದಾರಿಯಲ್ಲಿ ಎಷ್ಟು ಹಿಮ ಉಳಿದಿದೆ ಎಂದು ನೋಡಿ ಅಳೆಯುತ್ತಾರೆ. ನನ್ನ ಮನೆಯೋ ಏರಿನ ಮೇಲಿದೆ. ಏರಿನ ಬುಡದಲ್ಲಿ, ನನ್ನ ಅಂಚೆಪೆಟ್ಟಿಗೆಯ ಎದುರಿಗೇ, ಕ್ಲಿಫರ್ಡ್ ತೆರ್ವೊನ ಮನೆ. ಅವನಿಗೆ ಹಿಮ ತಳ್ಳುವ ಹಲಗೆ ಕಟ್ಟಿದ ಹಳೆಯ ಟ್ರಕ್ ಇದೆ, ಮತ್ತು ಅಡುಗೆಮನೆಯಲ್ಲಿ ನನ್ನ ದಾರಿ ಪೂರ್ತಿ ಕಾಣುವ ಒಂದು ಕಿಟಕಿ ಇದೆ. ಇಪ್ಪತ್ತು ವರ್ಷ ಅವನು “ಆರ್ವೊ, ನಾನು ಬಂದು ತಳ್ಳಿಕೊಡ್ಲಾ?” ಎಂದು ಕೇಳಿದ್ದಾನೆ, ಇಪ್ಪತ್ತು ವರ್ಷ ನಾನು ಬೇಡ ಎಂದಿದ್ದೇನೆ.

ಆ ಕಿಟಕಿಗೆ ಉತ್ತರ ಕೊಡಲೆಂದೇ ಹೋದ ಶರತ್ಕಾಲದಲ್ಲಿ ನಾನೊಂದು ಪುಟ್ಟ ಟ್ರ್ಯಾಕ್ಟರು ಕೊಂಡೆ. ಕಿತ್ತಳೆ ಬಣ್ಣ, ಮುಂದೆ ಎತ್ತಿ ಇಳಿಸುವ ಬಕೆಟ್ಟು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಚರ್ಚಿನ ಕಾಫಿ ಕೂಟದಲ್ಲಿ ನಾನು ಎದ್ದು ನಿಂತು, “ನಾಲ್ಕು ಚಕ್ರ ತಿರುಗೋ ಗಾಡಿಗೆ ಸರಪಳಿ ಬೇಕಿಲ್ಲ, ಸರಪಳಿ ಹಾಕೋದು ಗಾಡಿ ಓಡಿಸಲು ಬಾರದವರು” ಎಂದು ಘೋಷಿಸಿದ್ದೆ. (ಘೋಷಿಸುವ ಅಗತ್ಯ ಏನಿತ್ತು ಎಂದು ಈಗ ಕೇಳಬೇಡಿ. ಕೈಯಲ್ಲಿ ಏಲಕ್ಕಿ ಬ್ರೆಡ್ಡು ಇತ್ತು, ಎದುರಿಗೆ ಕ್ಲಿಫರ್ಡ್ ಇದ್ದ.) ಇಂಥ ಮಹಾವಾಕ್ಯ ಹೇಳಿದವನಿಗೆ ಸ್ವಂತ ಹೆಂಡತಿ ರಿಬ್ಬನ್ನು ಕಟ್ಟಿ ಸರಪಳಿ ಕೊಟ್ಟರೆ ಏನರ್ಥ?

ಜನವರಿ ಬಂದಾಗ ಅರ್ಥವಾಯಿತು. ಬಕೆಟ್ಟಿನ ತುಂಬ ಹಿಮ ಎತ್ತಿದೊಡನೆ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹಿಂದಿನ ಎರಡು ಚಕ್ರ ಹಗುರಾಗುತ್ತವೆ. ಹಗುರಾದ ಚಕ್ರ ಮಂಜುಗಡ್ಡೆಯ ಮೇಲೆ ಇದ್ದಲ್ಲೇ ಸುತ್ತುತ್ತದೆ. ಸುತ್ತಿ ಸುತ್ತಿ ಮಂಜುಗಡ್ಡೆಗೆ ಪಾಲಿಶ್ ಹಾಕುತ್ತದೆ. ಹೀಗೆ ನಾನು ಮೂರು ವಾರ ಶ್ರದ್ಧೆಯಿಂದ ದುಡಿದು ನಮ್ಮ ಏರನ್ನು ಕನ್ನಡಿ ಮಾಡಿದೆ. ಟ್ರ್ಯಾಕ್ಟರು ದಿನಕ್ಕೊಮ್ಮೆ ದಾರಿಗೆ ಅಡ್ಡಲಾಗಿ ನಿಲ್ಲುತ್ತಿತ್ತು, ಕ್ಲಿಫರ್ಡನ ಅಡುಗೆಮನೆಯ ದೀಪ ಹತ್ತುತ್ತಿತ್ತು.

ಅಷ್ಟಾಗಿದ್ದರೆ ಸಹಿಸಬಹುದಿತ್ತು. ಆದರೆ ಒಂದು ಶನಿವಾರ ಮುಮ್ಮು ಬಂದರು, ಅಥವಾ ಬರಲು ನೋಡಿದರು.

ಮುಮ್ಮು ಅಂದರೆ ಅಜ್ಜಿ. ಐಲಿಯ ತಾಯಿ ಹಿಲ್ಮಾ ಅವರನ್ನು ನಮ್ಮ ಮಕ್ಕಳು ಹಾಗೆ ಕರೆಯಲು ಶುರುಮಾಡಿ, ಈಗ ನಾನೂ ಹಾಗೆಯೇ ಕರೆಯುತ್ತೇನೆ. ಎಂಬತ್ತೆಂಟು ವರ್ಷ, ಕಣ್ಣು ಮಂಜು, ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಅವರು ಹುಟ್ಟಿದ್ದೇ ಸೌನಾದಲ್ಲಿ, ಅಂದರೆ ಆವಿಸ್ನಾನದ ಕೋಣೆಯಲ್ಲಿ. ನಮ್ಮ ಫಿನ್ನಿಶ್ ವಲಸಿಗರ ಆ ಕಾಲದ ಮನೆಗಳಲ್ಲಿ ಬಿಸಿನೀರು, ಬೆಚ್ಚಗಿನ ಕೋಣೆ ಎರಡೂ ಇದ್ದದ್ದು ಅಲ್ಲಿ ಮಾತ್ರ. ಅಂದಿನಿಂದ ಒಂದು ಶನಿವಾರವನ್ನೂ ಅವರು ಸೌನಾ ಇಲ್ಲದೆ ಕಳೆದಿರಲಿಲ್ಲ. ಈಗ ಇರುವುದು ಊರೊಳಗಿನ ವೃದ್ಧರ ಮನೆಯಲ್ಲಿ. ಗೆಳತಿಯರು, ಇಸ್ಪೀಟು, ಮೂರು ಹೊತ್ತು ಕಾಫಿ, ಎಲ್ಲ ಸುಖವೇ. ಆದರೆ ಸ್ನಾನಕ್ಕೆ ಶವರು. ಶವರೆಂದರೆ ಮುಮ್ಮು ಪಾಲಿಗೆ ಕೊಡೆ ಮರೆತು ಮಳೆಗೆ ಸಿಕ್ಕ ಹಾಗೆ. ಅದಕ್ಕೇ ಪ್ರತಿ ಶನಿವಾರ ಅಲ್ಲಿನ ವ್ಯಾನಿನಲ್ಲಿ ಡೋರಿಸ್ ಎಂಬ ಚಾಲಕಿ ಅವರನ್ನು ನಮ್ಮಲ್ಲಿಗೆ ಕರೆತರುತ್ತಾಳೆ.

ಆ ಶನಿವಾರ ವ್ಯಾನು ಅರ್ಧ ಏರು ಹತ್ತಿತು. ಅಲ್ಲಿ ಸ್ವಲ್ಪ ಯೋಚಿಸಿತು. ಆಮೇಲೆ ಮುಖ ನಮ್ಮ ಕಡೆಗೇ ಇಟ್ಟುಕೊಂಡು, ರಾಜಸಭೆಯಿಂದ ನಿರ್ಗಮಿಸುವವರಂತೆ, ನಿಧಾನವಾಗಿ ಹಿಂದಕ್ಕೆ ಜಾರಿ ನನ್ನ ಅಂಚೆಪೆಟ್ಟಿಗೆಯನ್ನು ಮಲಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನಾನು ಬಿದ್ದು ಎದ್ದು ಕೆಳಗಿಳಿಯುವಷ್ಟರಲ್ಲಿ ಡೋರಿಸ್ ಕಿಟಕಿ ಇಳಿಸಿದ್ದಳು.

“ನೋಡಿ ಆರ್ವೊ, ಬರೋ ಶನಿವಾರ ಇನ್ನೊಂದೇ ಒಂದು ಸಲ ಬರ್ತೀನಿ. ಆಗ್ಲೂ ಜಾರಿದ್ರೆ, ಆಮೇಲೆ ಏಪ್ರಿಲ್‌ಗೇ. ನನಗೂ ಮೇಲಿನವರು ಇದಾರೆ.”

ಹಿಂದಿನ ಸೀಟಿನಿಂದ ಮುಮ್ಮು ಕೇಳಿದರು: “ಡೋರಿಸ್, ಸೌನಾ ಮುಗೀತಾ? ನಂಗೆ ಗೊತ್ತೇ ಆಗ್ಲಿಲ್ಲ.”

ಮನೆಗೆ ಬಂದರೆ ಐಲಿ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

“ಸರಪಳಿ ಹಾಕು,” ಅಂದಳು.

“ನೋಡು ಐಲಿ, ಇದು ಭಾರದ ವಿಷಯ. ಬೆನ್ನಿಗೆ ಭಾರ ಇಲ್ದಿದ್ರೆ ಚಕ್ರ ನೆಲ ಕಚ್ಚೋದಿಲ್ಲ. ಇದು ಭೌತಶಾಸ್ತ್ರ.”

“ಭೌತಶಾಸ್ತ್ರದಲ್ಲಿ ನೀನು ಫೇಲಾಗಿದ್ದೆ. ನಾನು ನಿನ್ನ ಹಿಂದಿನ ಬೆಂಚಲ್ಲೇ ಇದ್ದೆ.”

“ಆಗ ನನ್ನ ಹತ್ರ ಟ್ರ್ಯಾಕ್ಟರ್ ಇರ್ಲಿಲ್ಲ.”

“ಸರಪಳಿ ಹಾಕು ಆರ್ವೊ.”

“ಸರಪಳಿ ಹಾಕಿದ್ರೆ ಡಾಂಬರು ಕಿತ್ತು ಬರುತ್ತೆ.”

“ನಮ್ಮನೆ ಮುಂದೆ ಡಾಂಬರಿದೆ ಅನ್ನೋದೇ ನಂಗೆ ಮರೆತುಹೋಗಿದೆ. ಶುಕ್ರವಾರ ಸಂಜೆ ಒಳಗೆ ದಾರಿ ಆಗ್ಲಿಲ್ಲ ಅಂದ್ರೆ ನಾನೇ ಕ್ಲಿಫರ್ಡ್‌ಗೆ ಹೇಳ್ತೀನಿ.”

ಇಷ್ಟು ಹೇಳಿ ಒಳಗೆ ಹೋದಳು. ಗಂಡಸನ್ನು ಕೆಣಕಲು ಹೆಂಗಸರಿಗೆ ಬಹಳ ಮಾತು ಬೇಕಾಗುವುದಿಲ್ಲ.

ಸೋಮವಾರ ಟೈರುಗಳ ಗಾಳಿ ಇಳಿಸಿದೆ. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ನೆಲಕ್ಕೆ ಒತ್ತಿಕೊಳ್ಳುತ್ತದೆ ಎಂಬುದು ಸತ್ಯ. ಎಷ್ಟು ಇಳಿಸಬೇಕು ಎಂಬುದರಲ್ಲಿ ನನಗೂ ಸತ್ಯಕ್ಕೂ ಭಿನ್ನಾಭಿಪ್ರಾಯವಾಗಿ ಒಂದು ಟೈರು ರಿಮ್ಮನ್ನು ಬಿಟ್ಟು ಹೊರಬಂತು. ಅದನ್ನು ಕೂರಿಸುವುದರಲ್ಲಿ ಮಂಗಳವಾರ ಕಳೆಯಿತು. ಬುಧವಾರ ಒಲೆಯ ಬೂದಿಯನ್ನೆಲ್ಲ ಏರಿನ ಮೇಲೆ ಚೆಲ್ಲಿದೆ. ಗಾಳಿ ಅದನ್ನು ಎತ್ತಿ ಜಗುಲಿಗೆ ತಂದಿತು, ನನ್ನ ಬೂಟು ಅದನ್ನು ಜಗುಲಿಯಿಂದ ಅಡುಗೆಮನೆಗೆ ತಂದಿತು, ಐಲಿ ನನ್ನನ್ನು ಅಡುಗೆಮನೆಯಿಂದ ಗ್ಯಾರೇಜಿಗೆ ಕಳಿಸಿದಳು.

ಗ್ಯಾರೇಜಿನಲ್ಲಿ ಕೂತು ಯೋಚಿಸಿದೆ. ಟ್ರ್ಯಾಕ್ಟರಿನ ಹಿಂದುಗಡೆ ಸಿಕ್ಕಿಸಲು ಒಂದು ಗಟ್ಟಿ ಮರದ ಪೆಟ್ಟಿಗೆ ಆಗಲೇ ಮಾಡಿಟ್ಟಿದ್ದೆ. ಅದರೊಳಗೆ ತುಂಬಲು ಭಾರ ಬೇಕು. ಅಂಗಡಿಯಲ್ಲಿ ಮಾರುವ ಕಬ್ಬಿಣದ ತೂಕ ಮಾರ್ಚಿನ ತನಕ ಸಿಗುವುದಿಲ್ಲವಂತೆ. ಕಾಂಕ್ರೀಟು ಈ ಚಳಿಯಲ್ಲಿ ಗಟ್ಟಿಯಾಗುವುದಿಲ್ಲ. ಮರಳು ಹಿತ್ತಿಲಲ್ಲಿದೆ, ಆರಡಿ ಹಿಮದ ಕೆಳಗೆ, ಬಂಡೆಯಾಗಿ. ಗ್ಯಾರೇಜಿನಲ್ಲಿದ್ದದ್ದು ಎರಡು ಸತ್ತ ಬ್ಯಾಟರಿ, ಕಬ್ಬಿಣ ಬಡಿಯುವ ಮುರಿದ ಒಂದು ಅಡಿಗಲ್ಲು, ಮತ್ತು ರಿಬ್ಬನ್ನು ಕಟ್ಟಿದ ಆ ತಗಡಿನ ಪೆಟ್ಟಿಗೆ. ಅದು ಎಂಬತ್ತು ಪೌಂಡು ತೂಗುತ್ತಿತ್ತು. ಹೆಂಡತಿಯ ಉಡುಗೊರೆಯನ್ನು ನಾನು ಉಪಯೋಗಿಸಲಿಲ್ಲ ಎಂದು ಯಾರೂ ಹೇಳುವಂತಿಲ್ಲ: ಮೊಟ್ಟಮೊದಲು ಅದನ್ನೇ ಭಾರವೆಂದು ಒಳಗಿಟ್ಟೆ. ಆದರೂ ಪೆಟ್ಟಿಗೆ ಮುಕ್ಕಾಲು ಖಾಲಿ. ಈ ಸೀಮೆಯಲ್ಲಿ ಜನವರಿಯಲ್ಲಿ ಹಿಮಕ್ಕೆ ಸಿಕ್ಕದೆ ಬಿಡಿಬಿಡಿಯಾಗಿ ಒಣಗಿಕೊಂಡಿರುವ ಭಾರದ ವಸ್ತು ಎಲ್ಲಿ ಸಿಗುತ್ತದೆ?

ಉತ್ತರ ಹೊಳೆದಾಗ ನನಗೇ ನನ್ನ ಬುದ್ಧಿಯ ಬಗ್ಗೆ ಭಯಭಕ್ತಿ ಹುಟ್ಟಿತು. ಸೌನಾದ ಒಲೆಯ ಕಲ್ಲುಗಳು.

ನಮ್ಮ ಸೌನಾದ್ದು ಈಗಿನವರ ಕರೆಂಟಿನ ಒಲೆಯಲ್ಲ. ಸೌದೆ ಉರಿಸುವ ಹಳೆಯ ದೈತ್ಯ. ಅದರ ನೆತ್ತಿಯ ಮೇಲೆ ಕಬ್ಬಿಣದ ತೊಟ್ಟಿ, ತೊಟ್ಟಿಯ ತುಂಬ ಮುನ್ನೂರು ಪೌಂಡಿಗೂ ಮಿಕ್ಕ ಕಲ್ಲು. ಕಲ್ಲು ಕಾಯಬೇಕು, ಕಾದ ಕಲ್ಲಿಗೆ ಸೌಟಿನಲ್ಲಿ ನೀರು ಹಾಕಬೇಕು, ಎದ್ದ ಆವಿಯಲ್ಲಿ ಮೈ ಬೆವರಬೇಕು; ಸೌನಾ ಎಂದರೆ ಅಷ್ಟೇ, ಕಲ್ಲಿಲ್ಲದಿದ್ದರೆ ಅದು ಬರೀ ಬಿಸಿ ಕೋಣೆ. ಆ ಕಲ್ಲುಗಳನ್ನು ಆರಿಸಿದ್ದು ನನ್ನ ಮಾವ ಉರ್ಹೊ. ಎರಡು ಬೇಸಿಗೆ ಸರೋವರದ ದಂಡೆಯಲ್ಲಿ ನಡೆದು, ಕಪ್ಪಗೆ ಉರುಟಾಗಿರುವುದನ್ನೇ ಹೆಕ್ಕಿ, ಒಂದೊಂದನ್ನೂ ಬೆಂಕಿಗಿಟ್ಟು, ತಣ್ಣೀರಿಗೆ ಹಾಕಿ, ಸೀಳದೆ ಉಳಿದದ್ದನ್ನು ಮಾತ್ರ ಮನೆಗೆ ತಂದಿದ್ದರು. ಮುಮ್ಮು ವೃದ್ಧರ ಮನೆಗೆ ಹೋಗುವಾಗ ಮಗಳಿಗೆ ಕೊಟ್ಟದ್ದು ಬೆಳ್ಳಿಯ ಚಮಚಗಳನ್ನಲ್ಲ, ಈ ಕಲ್ಲುಗಳನ್ನು.

ನಾನೇನು ಕದಿಯಲಿಲ್ಲ. ಗುರುವಾರ ತೆಗೆಯುವುದು, ಶುಕ್ರವಾರ ದಾರಿ ಮಾಡುವುದು, ಶನಿವಾರ ಬೆಳಿಗ್ಗೆ ಇದ್ದ ಜಾಗದಲ್ಲಿ ಇಡುವುದು. ಗುರುವಾರ ಐಲಿ ಚರ್ಚಿನ ಹೆಂಗಸರ ಜೊತೆ ಕೌದಿ ಹೊಲಿಯಲು ಹೋದ ಹೊತ್ತಿಗೆ ಅಷ್ಟೂ ಕಲ್ಲು ಟ್ರ್ಯಾಕ್ಟರಿನ ಬೆನ್ನೇರಿತು.

ಟ್ರ್ಯಾಕ್ಟರನ್ನು ಹತ್ತು ಹೆಜ್ಜೆ ಓಡಿಸಿದೆ. ಹಿಡಿತ ಅಮೋಘ. ಆದರೆ ಕಲ್ಲುಗಳು ಪೆಟ್ಟಿಗೆಯಲ್ಲಿ ಲಟಪಟ ಲಟಪಟ ಎಂದು ನಡೆದದ್ದನ್ನೆಲ್ಲ ಊರಿಗೆ ಸಾರುತ್ತಿದ್ದವು. ಐಲಿಗೆ ಆ ಸದ್ದು ಗೊತ್ತು; ವರ್ಷಕ್ಕೊಮ್ಮೆ ಕಲ್ಲುಗಳನ್ನು ತೆಗೆದು ತೊಳೆದು ಜೋಡಿಸುವವಳು ಅವಳೇ. ಸದ್ದಡಗಿಸಲು ಏನು ಮಾಡುವುದು? ಇಲ್ಲಿ ನನ್ನ ಎರಡನೆಯ ಹೊಳಹು ಬಂತು. ಕಾಂಕ್ರೀಟು ಗಟ್ಟಿಯಾಗದ ಚಳಿಯಲ್ಲಿ ಗಟ್ಟಿಯಾಗುವ ವಸ್ತು ಯಾವುದು? ನೀರು. ಪೆಟ್ಟಿಗೆಯೊಳಗೆ ಸುತ್ತ ಹಳೆಯ ಪ್ಲಾಸ್ಟಿಕ್ ಪರದೆ ಹರಡಿ, ಕಲ್ಲುಗಳ ಸಂದಿಗೆಲ್ಲ ಹನ್ನೆರಡು ಬಕೆಟ್ ನೀರು ಸುರಿದೆ. ಬೆಳಗಾಗುವಷ್ಟರಲ್ಲಿ ಕಲ್ಲು, ನೀರು, ಬ್ಯಾಟರಿ, ಉಡುಗೊರೆ ಎಲ್ಲ ಸೇರಿ ಒಂದೇ ಶಿಲಾಶಾಸನವಾಗಿತ್ತು. ಎಲ್ಲೂ ಪಿಟ್ಟೆನ್ನಲಿಲ್ಲ. (ತೆಗೆಯುವುದು ಹೇಗೆ ಎಂದು ನೀವು ಈಗ ಕೇಳುತ್ತಿದ್ದೀರಿ. ನಾನು ಶನಿವಾರ ಕೇಳಿಕೊಂಡೆ.) ಮೇಲೊಂದು ಟಾರ್ಪಾಲು ಹೊದಿಸಿ ಕಟ್ಟಿದೆ.

ಶುಕ್ರವಾರದ ಬಗ್ಗೆ ಬರೆಯುವಾಗ ಈಗಲೂ ಎದೆ ಉಬ್ಬುತ್ತದೆ. ಟ್ರ್ಯಾಕ್ಟರು ಏರನ್ನು ಕಚ್ಚಿ ಹಿಡಿಯಿತು. ಬಕೆಟ್ಟು ತುಂಬಿದರೂ ಹಿಂದಿನ ಚಕ್ರ ಮಿಸುಕಲಿಲ್ಲ. ಮೂರು ವಾರದ ಹಿಮ, ಅದರಡಿಯ ಪದರ, ಅದರಡಿಯ ಕನ್ನಡಿ, ಎಲ್ಲವನ್ನೂ ಕೆರೆದು ಎರಡೂ ಬದಿಗೆ ಗೋಡೆ ಕಟ್ಟಿದೆ. ಮಧ್ಯಾಹ್ನಕ್ಕೆ ಡಾಂಬರು ಕಂಡಿತು. ಐಲಿ ಜಗುಲಿಗೆ ಬಂದು ಅದನ್ನು ಹಳೆಯ ಪರಿಚಯದವರನ್ನು ನೋಡುವ ಹಾಗೆ ನೋಡಿದಳು. ಅಂಚೆಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದೆ. ಇಷ್ಟಕ್ಕೆ ನಿಲ್ಲಿಸಬಹುದಿತ್ತು, ಮನಸ್ಸು ತಡೆಯದೆ ರಸ್ತೆ ದಾಟಿ ಕ್ಲಿಫರ್ಡನ ಬಾಗಿಲಿನ ತನಕದ ಹಿಮವನ್ನೂ ಬಳಿದು ಕೊಟ್ಟೆ.

ಅವನು ಕಾಫಿ ಲೋಟ ಹಿಡಿದು ಹೊರಗೆ ಬಂದ. “ಬೆನ್ನಿಗೇನೋ ಕಟ್ಕೊಂಡಿದ್ದೀಯ. ಏನಿದೆ ಅದರಲ್ಲಿ?”

“ಸ್ವಲ್ಪ ಭೌತಶಾಸ್ತ್ರ.”

“ಸರಪಳಿ ಹಾಕಿಲ್ವಲ್ಲ?”

“ಸರಪಳಿ,” ಅಂದೆ, “ಓಡಿಸಲು ಬಾರದವರಿಗೆ.”

ಅವನು ಟಾರ್ಪಾಲನ್ನೇ ನೋಡುತ್ತ ಕಾಫಿ ಕುಡಿದ. ಇಪ್ಪತ್ತು ವರ್ಷದ ಸಾಲವನ್ನು ತೀರಿಸಿದ ಹಾಗಾಯಿತು ನನಗೆ.

ಮನೆಗೆ ಬಂದರೆ ಮೇಜಿನ ಮೇಲೆ ಬಿಸಿ ಪಾಸ್ಟಿ ಕಾದಿತ್ತು. ಹಿಟ್ಟಿನೊಳಗೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ್ದು, ನನ್ನ ಪ್ರಾಣ. ಐಲಿ ಎದುರಿಗೆ ಕೂತು, ಮೇಜುಬಟ್ಟೆಯ ಅಂಚನ್ನು ತೀಡುತ್ತ ಮೆಲ್ಲಗೆ ಅಂದಳು:

“ಸರಪಳಿ ವಿಷಯದಲ್ಲಿ ನಂದೇ ತಪ್ಪಾಯ್ತು ಕಣೋ.”

ಮೂವತ್ತೊಂದು ವರ್ಷ. ಕಿವಿ ಸರಿಯಾಗಿ ಕೇಳಿತೇ ಎಂದು ಅನುಮಾನವಾಗಿ, “ಏನಂದೆ?” ಎಂದೆ.

“ಕೇಳಿಸ್ಕೊಂಡಿದ್ದೀಯ. ಇನ್ನೊಂದ್ಸಲ ಹೇಳಲ್ಲ,” ಅಂದಳು, ಮತ್ತು ನನ್ನ ಕೆನ್ನೆಗೊಂದು ಮುತ್ತು ಕೊಟ್ಟಳು. “ಅಮ್ಮ ಬರ್ತಾಳೆ ಅಂದ್ರೆ ನಂಗೆ ಎಷ್ಟು ಸಮಾಧಾನ ಗೊತ್ತಾ ನಿಂಗೆ.”

ಗೊತ್ತಿತ್ತು. ಆ ಸಂಜೆ ನಾನು ಪ್ರಪಂಚದ ಅತ್ಯಂತ ಸುಖಿ ಗಂಡನಾಗಿದ್ದೆ.

ಶನಿವಾರ ಬೆಳಿಗ್ಗೆ ಆರಕ್ಕೆ ಕಲ್ಲು ತೆಗೆಯಲು ಹೋದೆ. ಸನ್ನೆಗೋಲು ಹಾಕಿದೆ, ಸನ್ನೆಗೋಲು ಬಾಗಿತು. ಸುತ್ತಿಗೆ ಎತ್ತಿದೆ, ಮಾವನ ಮುಖ ನೆನಪಾಗಿ ಇಳಿಸಿದೆ. ಕೆಟಲಿನಲ್ಲಿ ನೀರು ಕುದಿಸಿ ತಂದು ಸುರಿದೆ. ಹೊರಗೆ ಚಳಿ ಸೊನ್ನೆಯ ಕೆಳಗೆ ಎಲ್ಲೋ ಇತ್ತು. ಸುರಿದ ನೀರು ಐದೇ ನಿಮಿಷದಲ್ಲಿ ಹೆಪ್ಪುಗಟ್ಟಿ ಹೊಸದೊಂದು ಪದರವಾಯಿತು. ಏಳನೆಯ ಕೆಟಲಿನ ಹೊತ್ತಿಗೆ ನನ್ನ ಶಾಸನ ಎರಡಿಂಚು ಬೆಳೆದಿತ್ತು.

“ಅಷ್ಟೊಂದು ಬಿಸಿನೀರು ಯಾಕೆ?” ಐಲಿ ಒಳಗಿನಿಂದ ಕೇಳಿದಳು.

“ಟ್ರ್ಯಾಕ್ಟರ್ ತೊಳೀತಿದ್ದೀನಿ. ಅತಿಥಿಗಳು ಬರ್ತಾರಲ್ಲ.”

ಈ ಗಡ್ಡೆಯನ್ನು ಕರಗಿಸುವಷ್ಟು ಕಾವಿರುವ ಜಾಗ ನಮ್ಮ ಇಡೀ ಆಸ್ತಿಯಲ್ಲಿ ಒಂದೇ: ಚೆನ್ನಾಗಿ ಕಾದ ಸೌನಾ. ಸೌನಾ ಕಾದರೆ ಐಲಿ ಬಂದು ನೋಡುತ್ತಾಳೆ, ಅವಳು ನೋಡುವಾಗ ಒಲೆಯ ಮೇಲೆ ಕಲ್ಲಿರಬೇಕು. ಕಲ್ಲು ಗಡ್ಡೆಯಲ್ಲಿದೆ. ಈ ವರ್ತುಲದಲ್ಲಿ ನಾನು ಮಂಜುಗಡ್ಡೆಯ ಮೇಲಿನ ಚಕ್ರದ ಹಾಗೆ ಸುತ್ತುತ್ತಿರುವಾಗ ಗಂಟೆ ಹನ್ನೆರಡಾಯಿತು.

“ಇವತ್ತು ಸೌನಾ ನಾನೇ ಹಚ್ತೀನಿ,” ಎಂದೆ.

ಐಲಿ ನನ್ನ ಹಣೆ ಮುಟ್ಟಿ ನೋಡಿದಳು. “ಹುಷಾರಾಗಿದ್ದೀಯ ತಾನೆ?”

“ನೀನು ಅಮ್ಮನ ಜೊತೆ ಮಾತಾಡ್ಕೊಂಡಿರು ಅಂತ.”

ಅವಳ ಕಣ್ಣು ಮತ್ತೆ ತುಂಬಿ ಬಂತು, ಈ ಸಲ ನನ್ನ ಮೇಲಿನ ಪ್ರೀತಿಯಿಂದ. ಪಾಪದ ಕೊಡ ತುಂಬುವುದು ಇಂಥ ಹೊತ್ತಿನಲ್ಲೇ.

ಸೌನಾದೊಳಗೆ ಒಲೆಯ ನೆತ್ತಿ ಬೋಳಾಗಿ ನನ್ನನ್ನೇ ನೋಡುತ್ತಿತ್ತು. ಏನಾದರೂ ತುಂಬಲೇಬೇಕು: ಉರುಟಾಗಿ, ಕಪ್ಪಗೆ, ಮುಷ್ಟಿಗಾತ್ರದ್ದು. ನಮ್ಮ ನೆಲಮಾಳಿಗೆಯಲ್ಲಿ, ವಸಂತದಲ್ಲಿ ನೆಡಲೆಂದು ಐಲಿ ಮಣ್ಣಿನ ಸಮೇತ ಇಟ್ಟಿದ್ದ ಎರಡು ಚೀಲ ಆಲೂಗಡ್ಡೆ ಇತ್ತು. (ಓದುವವರಿಗೆ ಇಲ್ಲಿ ನನ್ನ ಬುದ್ಧಿಯ ಬಗ್ಗೆ ಅನುಮಾನ ಬಂದಿರಬಹುದು. ನನಗಂತೂ ಆಗಲೇ ಬಂದಿತ್ತು.) ಒಳಗೆ ಇರುವುದು ಒಂದೇ ಮಂದ ದೀಪ, ಅದೂ ಬೆಂಚಿನ ಕೆಳಗೆ. ಮುಮ್ಮು ಕಣ್ಣು ಮಂಜು. ಒಂದರ್ಧ ಗಂಟೆ ಹೇಗೋ ದಾಟಿದರೆ ಸಾಕು ಎಂದು ಆಲೂಗಡ್ಡೆಗಳನ್ನು ಮಸಿಯಲ್ಲಿ ಹೊರಳಿಸಿ, ಚೆಂದವಾಗಿ ಜೋಡಿಸಿ, ಬೆಂಕಿ ಹಾಕಿದೆ.

ಎರಡು ಗಂಟೆಗೆ ಸರಿಯಾಗಿ ವ್ಯಾನು ಬಂತು. ಏರಿನ ಬುಡದಲ್ಲಿ ಒಂದು ಕ್ಷಣ ಹಿಂಜರಿದು, ಆಮೇಲೆ ನಿರಾಯಾಸವಾಗಿ ಹತ್ತಿ ಜಗುಲಿಯ ಮುಂದೆ ನಿಂತಿತು. ಡೋರಿಸ್ ಇಳಿದು, “ಆರ್ವೊ, ಇದು ನಮ್ಮ ಊರಿನ ಹೆದ್ದಾರಿಗಿಂತ ಚೆನ್ನಾಗಿದೆ,” ಎಂದಳು. ಮುಮ್ಮು ನನ್ನ ಕೈ ಹಿಡಿದು ಇಳಿದರು. ಅವರ ಕಂಕುಳಲ್ಲಿ ಮಡಚಿದ ಟವೆಲ್ಲಿತ್ತು. “ಎರಡು ವಾರದ ಕೊಳೆ ಇದೆ ಮಗನೇ,” ಎಂದರು. “ಕಲ್ಲು ಚೆನ್ನಾಗಿ ಕಾದಿದ್ಯಾ?”

“ಬೇಯ್ತಾ ಇದೆ, ಮುಮ್ಮು,” ಎಂದೆ. ಬಾಯಿಂದ ಸತ್ಯವೇ ಬಂತು.

ತಾಯಿ ಮಗಳು ಒಳಗೆ ಹೋದರು. ಡೋರಿಸ್ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತಳು. ನಾನು ಸೌನಾದ ಹೊರಕೋಣೆಯಲ್ಲಿ, ಬಾಗಿಲಿಗೆ ಕಿವಿಯಿಟ್ಟು ನಿಂತೆ. ಸೌಟು ಬಕೆಟ್ಟಿಗೆ ತಾಗಿದ ಸದ್ದು. ನೀರು ಬಿದ್ದ ಸದ್ದು. ಅದರ ಹಿಂದೆ ಬರಬೇಕಾದ ಆ ದೀರ್ಘ, ತುಂಬಿದ ‘ಸುಂಯ್’ ಬರಲಿಲ್ಲ. ಕೆಮ್ಮಿನಂಥ ಒಂದು ಚಿಕ್ಕ ‘ಚುಸ್’ ಬಂತು.

“ಐಲಿ,” ಮುಮ್ಮು ದನಿ. “ಉರ್ಹೊನ ಕಲ್ಲು ಇವತ್ತು ಮಾತಾಡ್ತಿಲ್ಲ.”

“ಇನ್ನೂ ಕಾದಿಲ್ವೇನೋ ಅಮ್ಮ. ಆರ್ವೊ ಹಚ್ಚಿದ್ದು.”

ಇನ್ನೊಂದು ಸೌಟು. ಮೂಗೆಳೆದುಕೊಂಡ ಸದ್ದು.

“ಐಲಿ, ಬೆಣ್ಣೆ ಇದ್ಯಾ?”

“ಯಾಕಮ್ಮ?”

“ಆಲೂಗಡ್ಡೆ ಬೆಂದ ವಾಸನೆ ಬರ್ತಿದೆ.”

“ಸೌನಾದಲ್ಲಿ ಎಲ್ಲಿಂದ ಬರುತ್ತಮ್ಮ ಆಲೂ—”

ಆಗ ‘ಟಪ್’ ಎಂದು ಒಂದು ಸಿಡಿಯಿತು.

“ಕಲ್ಲು ಒಡೀತು,” ಎಂದರು ಮುಮ್ಮು, ಗಾಬರಿಯಿಂದ. “ನಿಮ್ಮಪ್ಪನ ಕಲ್ಲು ಐವತ್ತು ವರ್ಷದಲ್ಲಿ ಒಂದೂ ಒಡೆದಿಲ್ಲ. ನೋಡೇ.”

ಐಲಿ ನೋಡಿರಬೇಕು. ಬಾಗಿಲು ತೆರೆದುಕೊಂಡಿತು. ಟವೆಲ್ಲು ಸುತ್ತಿಕೊಂಡ ನನ್ನ ಹೆಂಡತಿಯ ಅಂಗೈಯಲ್ಲಿ ಒಂದು ಆಲೂಗಡ್ಡೆ ಬಿರಿದು, ಬಿಳಿ ತಿರುಳು ಹೊಗೆಯಾಡುತ್ತಿತ್ತು.

“ಆರ್ವೊ,” ಅಂದಳು, ದನಿ ಏರಿಸದೆ. “ಅಪ್ಪನ ಕಲ್ಲು ಎಲ್ಲಿ?”

ನಾನು ಬೆರಳು ತೋರಿಸಿದೆ, ಕಿಟಕಿಯಾಚೆ. ಅಲ್ಲಿ ಟ್ರ್ಯಾಕ್ಟರಿನ ಹಿಂದೆ ಕ್ಲಿಫರ್ಡ್ ನಿಂತಿದ್ದ. ನನ್ನ ಗುಟ್ಟನ್ನು ತಿಳಿಯಲು ಏರು ಹತ್ತಿ ಬಂದವನು ಆಗಲೇ ಟಾರ್ಪಾಲು ಸರಿಸಿ, ಬಗ್ಗಿ, ಒಳಗೆ ಇಣುಕುತ್ತಿದ್ದ.

ಐಲಿ ಕೋಟು ಹೊದ್ದು, ಬೂಟು ಮೆಟ್ಟಿ ಹೊರಗೆ ನಡೆದಳು. ನಾನು ಹಿಂದೆ ಹೋದೆ.

“ಅದ್ಭುತವಾದ ಕೆಲಸ,” ಎಂದ ಕ್ಲಿಫರ್ಡ್. ಅವನ ದನಿಯಲ್ಲಿ ಇಪ್ಪತ್ತು ವರ್ಷದ ಸಾಲ ಬಡ್ಡಿ ಸಮೇತ ವಾಪಸಾಗುತ್ತಿತ್ತು. “ಕಲ್ಲು ಗೊತ್ತಾಯ್ತು, ಬ್ಯಾಟರಿ ಗೊತ್ತಾಯ್ತು. ಕೆಳಗಡೆ ಆ ಕೆಂಪು ರಿಬ್ಬನ್ ಏನು ಅಂತ ಗೊತ್ತಾಗ್ಲಿಲ್ಲ.”

ಐಲಿ ಬಗ್ಗಿ ನೋಡಿದಳು. ತಿಳಿಯಾದ ಮಂಜುಗಡ್ಡೆಯ ಆಳದಲ್ಲಿ, ಪರದೆಯ ಮಡಿಕೆಯ ಪಕ್ಕದಲ್ಲಿ, ಅವಳೇ ಕಟ್ಟಿದ ಕೆಂಪು ಗಂಟು ಹೂವಿನ ಹಾಗೆ ಅರಳಿತ್ತು.

“ಅದು ನಾನು ಕೊಟ್ಟ ಸರಪಳಿ,” ಎಂದಳು ಐಲಿ. “ನಿನ್ನೆ ನಾನು ಇವನಿಗೆ ತಪ್ಪಾಯ್ತು ಅಂದೆ, ಕ್ಲಿಫರ್ಡ್. ಮುತ್ತು ಕೊಟ್ಟೆ.”

ಬೈದಿದ್ದರೆ ಸಹಿಸುತ್ತಿದ್ದೆ. ಅವಳು ಅಷ್ಟೇ ಹೇಳಿ ಸೌನಾದ ಕಡೆ ತಿರುಗಿದಳು. ಬಾಗಿಲಲ್ಲಿ ಮುಮ್ಮು ಕಂಬಳಿ ಹೊದ್ದು, ಒಣಗಿದ ಮೈಯಲ್ಲಿ, ಟವೆಲ್ಲನ್ನು ಮತ್ತೆ ಮಡಚುತ್ತ ನಿಂತಿದ್ದರು. ಆ ಟವೆಲ್ಲು ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು. ಎಂಬತ್ತೆಂಟು ವರ್ಷದಲ್ಲಿ ತಪ್ಪಿದ್ದು ಎರಡು ಶನಿವಾರ, ಎರಡೂ ನನ್ನ ಲೆಕ್ಕಕ್ಕೆ.

“ನಮ್ಮನೆ ಸೌನಾ ಕಾದಿದೆ,” ಎಂದ ಕ್ಲಿಫರ್ಡ್, ಮುಮ್ಮುಗೆ ಕೇಳುವಂತೆ. “ಬನ್ನಿ. ಎರಡೇ ನಿಮಿಷದ ದಾರಿ. ಆರ್ವೊ ನಮ್ಮ ಬಾಗಿಲ ತನಕ ಹಿಮ ಬಳಿದಿದ್ದಾನೆ.”

ಎಲ್ಲರೂ ವ್ಯಾನು ಹತ್ತಿದರು. ನಾನು ಬೆವರು ಸುರಿಸಿ ಮಾಡಿದ ದಾರಿಯಲ್ಲಿ ವ್ಯಾನು ಒಂದಿಷ್ಟೂ ಜಾರದೆ, ಒಂದಿಷ್ಟೂ ತಡವರಿಸದೆ, ನನ್ನ ಅತ್ತೆ ಮತ್ತು ಹೆಂಡತಿಯನ್ನು ನನ್ನಿಂದ ದೂರ ಒಯ್ದಿತು. ಕೊನೆಯ ಗಳಿಗೆಯಲ್ಲಿ ಮುಮ್ಮು ಕಿಟಕಿ ಇಳಿಸಿದರು.

“ಆ ಆಲೂಗಡ್ಡೆ ಬಿಸಾಕ್ಬೇಡ. ತಗೊಂಡ್ಬಾ. ಬೆಣ್ಣೆ, ಉಪ್ಪು ಮರೀಬೇಡ.”

ಅವರು ಹೋದ ಮೇಲೆ ಸೌನಾಕ್ಕೆ ಸೌದೆ ಒಟ್ಟಿದೆ. ಪೆಟ್ಟಿಗೆಯ ಹಲಗೆಗಳನ್ನು ಕೊಡಲಿಯಿಂದ ಬಿಡಿಸಿ, ಗಡ್ಡೆಯನ್ನು ಟ್ರ್ಯಾಕ್ಟರಿನ ಬಕೆಟ್ಟಿನಿಂದ ಹೊರಕೋಣೆಯೊಳಕ್ಕೆ ಉರುಳಿಸಿ, ಮಧ್ಯದ ಬಾಗಿಲು ತೆರೆದಿಟ್ಟೆ. ಅಂಚಿನಿಂದ ಕರಗತೊಡಗಿತು. ಮಾವನ ಕಲ್ಲುಗಳು ಒಂದೊಂದಾಗಿ ತಲೆ ಎತ್ತತೊಡಗಿದವು, ಒಂದೂ ಸೀಳಿರಲಿಲ್ಲ. ಮೊದಲು ಬಿಡಿಸಿಕೊಂಡು ಹೊರಬಂದದ್ದು ಮಾತ್ರ ತಳದಲ್ಲಿದ್ದ ತಗಡಿನ ಪೆಟ್ಟಿಗೆ. ಅದರ ರಿಬ್ಬನ್ನು ಮಾಸಿರಲೂ ಇಲ್ಲ.

ಆಲೂಗಡ್ಡೆಯ ಪಾತ್ರೆ ಒಲೆಯ ಪಕ್ಕ ಸಿದ್ಧವಾಗಿತ್ತು. ಅದನ್ನು ಹೊತ್ತು ಹೊರಟವನು ಜಗುಲಿಯ ಮುಂದೆ, ಗಡ್ಡೆಯಿಂದ ಕರಗಿದ ನೀರು ಬಾಗಿಲಾಚೆ ಹರಿದು ಹೆಪ್ಪುಗಟ್ಟಿದ ಜಾಗದಲ್ಲಿ, ಎರಡು ಸಲ ಬಿದ್ದೆ. ಅಲ್ಲಿಂದ ಏರಿನ ಅಂಚಿನ ತನಕ ನಾನೇ ಸುರಿದಿದ್ದ ನೀರು ಹೊಸ ಕನ್ನಡಿ ಹಾಸಿತ್ತು. ನಡೆದು ಹೋಗುವಂತಿರಲಿಲ್ಲ. ಟ್ರ್ಯಾಕ್ಟರು ಹತ್ತಿದೆ; ಬೆನ್ನಿಗೆ ಭಾರವಿಲ್ಲದ ಟ್ರ್ಯಾಕ್ಟರು ನಿಂತಲ್ಲೇ ಸುತ್ತಿತು. ನಾನು ಸುತ್ತಮುತ್ತ ನೋಡಿದೆ. ಯಾರೂ ಇರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಕೆಲವು ಕೆಲಸಗಳನ್ನು ಗಂಡಸು ಯಾರೂ ಇಲ್ಲದಾಗ ಮಾಡಿಬಿಡುವುದು ಒಳ್ಳೆಯದು.

ಸರಪಳಿ ಹಾಕಲು ಹಿಡಿದದ್ದು ಹದಿನೈದು ನಿಮಿಷ. ಕಲ್ಲಿಲ್ಲ, ನೀರಿಲ್ಲ, ಭೌತಶಾಸ್ತ್ರವಿಲ್ಲ. ಟ್ರ್ಯಾಕ್ಟರು ಕನ್ನಡಿಯ ಮೇಲೆ ಮೇಕೆಯ ಹಾಗೆ ನಡೆಯಿತು. ಆಲೂಗಡ್ಡೆಯ ಪಾತ್ರೆಯನ್ನು ಬಕೆಟ್ಟಿನಲ್ಲಿಟ್ಟುಕೊಂಡು ಇಳಿದೆ. ಬುಡದಲ್ಲಿ ನಿಲ್ಲಿಸಿ ಸರಪಳಿ ಬಿಚ್ಚಿ ಅಡಗಿಸಿಟ್ಟು, ಉಳಿದ ನಾಲ್ಕು ಹೆಜ್ಜೆ ನಡೆದೇ ಹೋಗುವುದು ಎಂದು ಯೋಚಿಸಿದ್ದೆ.

ಆದರೆ ಸೌನಾದಲ್ಲಿ ಮೈ ಕಾದವರು ಆರಿಸಿಕೊಳ್ಳಲು ಹೊರಗೆ ಬರುತ್ತಾರೆ. ಕ್ಲಿಫರ್ಡನ ಜಗುಲಿಯ ಬೆಂಚಿನ ಮೇಲೆ ಮುಮ್ಮು, ಐಲಿ, ಕ್ಲಿಫರ್ಡನ ಹೆಂಡತಿ ನಿಲುವಂಗಿ ತೊಟ್ಟು, ಮೈಯಿಂದ ಹಬೆಯಾಡಿಸುತ್ತ, ನ್ಯಾಯಾಧೀಶರ ಸಾಲಿನಂತೆ ಕೂತಿದ್ದರು. ಬದಿಯಲ್ಲಿ ಕ್ಲಿಫರ್ಡ್ ಮತ್ತು ಡೋರಿಸ್ ಕಾಫಿ ಹಿಡಿದು ನಿಂತಿದ್ದರು. ಮುಮ್ಮು ಮುಖ ಕೆಂಪಗೆ, ನೆಮ್ಮದಿಯಾಗಿ ಹೊಳೆಯುತ್ತಿತ್ತು. ಎಲ್ಲರೂ ಏರಿನ ಕಡೆಗೇ ನೋಡುತ್ತಿದ್ದರು. ನಾನು ಎಂಜಿನ್ನು ಆರಿಸುವಷ್ಟರಲ್ಲಿ ಟ್ರ್ಯಾಕ್ಟರು ಘಲ್ ಘಲ್ ಎನ್ನುತ್ತ ಅಂಗಳ ಮುಟ್ಟಿಯಾಗಿತ್ತು.

ಮುಮ್ಮು ಕಣ್ಣು ಕಿರಿದು ಮಾಡಿ ಕಿವಿಗೊಟ್ಟರು. “ಗೆಜ್ಜೆ ಸದ್ದು. ಉರ್ಹೊ ಮದುವೆಗೆ ಬರುವಾಗ ಜಾರುಬಂಡಿ ಕುದುರೆಗೆ ಹೀಗೇ ಕಟ್ಟಿದ್ದ. ಯಾರು ಐಲಿ, ಬರ್ತಾ ಇರೋದು?”

ಐಲಿ ಕಾಫಿಯ ಗುಟುಕು ಕುಡಿದು, ನನ್ನನ್ನು ಮೇಲಿನಿಂದ ಕೆಳಗೆ, ಆಮೇಲೆ ಚಕ್ರದ ತನಕ ನೋಡಿದಳು.

“ನಾನು ಕೊಟ್ಟ ಕ್ರಿಸ್ಮಸ್ ಉಡುಗೊರೆ ಅಮ್ಮ,” ಎಂದಳು. “ಜೊತೆಗೆ ಆರ್ವೊನೂ ಇದಾನೆ.”

ಅಣಕಿಸುವ ಬದಲು ಕ್ಲಿಫರ್ಡ್ ಬೆಂಚಿನ ತುದಿಯಲ್ಲಿ ನನಗೆ ಜಾಗ ಮಾಡಿಕೊಟ್ಟ, ಅದೇ ಹೆಚ್ಚು ಉರಿಯಿತು. ಡೋರಿಸ್ ಒಂದು ಆಲೂಗಡ್ಡೆ ಎತ್ತಿಕೊಂಡು, ದಾರಿ ಹೀಗೇ ಇದ್ದರೆ ಪ್ರತಿ ಶನಿವಾರ ತಪ್ಪದೆ ಬರುತ್ತೇನೆ ಎಂದಳು. ಮುಮ್ಮು ಎರಡು ತಿಂದರು. ಕೈ ಒರೆಸಿಕೊಂಡು, ಬರುವ ಶನಿವಾರ ಸೌನಾಕ್ಕೆ ಮಗಳ ಮನೆಗೇ ಬರುವುದಾಗಿಯೂ, ಬಂದ ಕೂಡಲೇ ಕಲ್ಲುಗಳನ್ನು ತಾವೇ ಮುಟ್ಟಿ ಎಣಿಸುವುದಾಗಿಯೂ ತಿಳಿಸಿದರು.

ಈಗ ಪ್ರತಿ ಶನಿವಾರ ನಾನು ಸರಪಳಿ ಕಟ್ಟಿ ಏರು ಬಳಿಯುತ್ತೇನೆ, ಘಲ್ ಘಲ್ ಎಂದು, ಊರಿಗೆಲ್ಲ ಕೇಳುವಂತೆ. ಐಲಿ ಆ ಕೆಂಪು ರಿಬ್ಬನ್ನನ್ನು ಒಗೆದು, ಇಸ್ತ್ರಿ ಮಾಡಿ, ಟ್ರ್ಯಾಕ್ಟರಿನ ಬಕೆಟ್ಟಿಗೆ ಕಟ್ಟಿದ್ದಾಳೆ. ಬಿಚ್ಚುವ ಧೈರ್ಯ ನನಗಿನ್ನೂ ಬಂದಿಲ್ಲ.